ಸುಯ್‌ಸುಯ್‌ಳ ಎಡಗಣ್ಣು

ದೀಪದ ಬೆಳಕು ಬಿದ್ದರೆ ಮಗುವಿನ ಎಡಗಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಶೂ ಕಾರ್ಖಾನೆಯ ಹೆಂಗಸರ ವಸತಿಯಲ್ಲಿ ಶುಯಿಲಿಯನ್ ಅದನ್ನು ಯಾರಿಗೆ ತೋರಿಸಬೇಕು? ಗಂಡ ದೂರದ ಸಮುದ್ರದಲ್ಲಿ ಮೀನು ಹಿಡಿಯುವ ಹಡಗಿನಲ್ಲಿದ್ದ. ಫೋನಿಗೆ ಸಿಗುತ್ತಿರಲಿಲ್ಲ.

ಅಂಟಿನ ವಾಸನೆ ಹೋಗದ ಕೈಯಲ್ಲೇ ಮಗಳು ಸುಯ್‌ಸುಯ್‌ಳನ್ನು ಎತ್ತಿಕೊಂಡು ಗ್ವಾಂಗ್‌ಝೌ ಆಸ್ಪತ್ರೆಗೆ ಹೋದಳು. ಕಣ್ಣಿನೊಳಗೆ ಕ್ಯಾನ್ಸರ್ ಎಂದರು. ಕಣ್ಣನ್ನೇ ತೆಗೆದುಬಿಡುತ್ತೀರಾ ಎಂದು ಅವಳು ಕೇಳಿದಳು. ಹಾಗೇನಿಲ್ಲ, ಮೊದಲು ಔಷಧದಿಂದ ಗಡ್ಡೆ ಕುಗ್ಗಿಸೋಣ ಎಂದು ವೈದ್ಯೆ ಧೈರ್ಯ ಹೇಳಿದಳು. ಕೆಲವು ತಿಂಗಳಲ್ಲಿ ಗಡ್ಡೆ ಕುಗ್ಗಿಯೂ ಕುಗ್ಗಿತು.

"ಉಳಿದಿದ್ದನ್ನ ಈಗ ಆಪರೇಷನ್ ಮಾಡಿ ತೆಗೆದ್ರೆ ಕಣ್ಣು ಉಳಿಯುತ್ತಮ್ಮಾ. ಹೇಳಿದ ದಿನ ಮಾತ್ರ ತಪ್ಪಿಸಬೇಡ."

ಆಪರೇಷನ್ನಿಗೆಂದರೆ ವಿಮೆ ಕಾರ್ಡಿಲ್ಲದೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಹೆಂಗಸರೆಲ್ಲರ ಕಾರ್ಡುಗಳು ಕಾರ್ಖಾನೆಯ ಮೇಸ್ತ್ರಿ ಗುವೊನ ಬೀರುವಿನಲ್ಲಿದ್ದವು. ಕಳೆದುಹೋಗದಿರಲಿ ಅಂತ ಇಟ್ಟಿದ್ದೇನೆ ಎನ್ನುತ್ತಿದ್ದ.

"ಈ ಮಾಲು ಹಡಗು ಹತ್ತಲಿ, ಆಮೇಲೆ ಹೋಗುವಿಯಂತೆ," ಎಂದ ಗುವೊ, ಚಹಾ ಊದುತ್ತ. "ನಾನೂ ಮಕ್ಕಳೊಂದಿಗ ಕಣಮ್ಮಾ."

ನಂಬಿದಳು. ಆ ಮಾಲು ಹೋಯಿತು, ಇನ್ನೊಂದು ಬಂತು. ಕೇಳಿದಾಗಲೆಲ್ಲ ಅದೇ ಮಾತು. ಅವಳ ಪರವಾಗಿ ಎಲ್ಲಿ ಬಾಯಿ ಬಿಡಬೇಕಾಗುತ್ತದೋ ಎಂದು ಊಟದ ಹೊತ್ತಿನಲ್ಲಿ ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ.

ಕೊನೆಗೂ ಕಾರ್ಡು ಕೈಗೆ ಬಂದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಡ್ಡೆ ಮತ್ತೆ ಬೆಳೆದು ಕಣ್ಣಿನ ನರದ ಹತ್ತಿರ ಹೋಗಿತ್ತು. ಇನ್ನು ಕಣ್ಣಿನ ಮಾತಿಲ್ಲ, ಜೀವ ಉಳಿಸಿಕೊಳ್ಳೋಣ ಎಂದಳು ವೈದ್ಯೆ. ಆಪರೇಷನ್ ಕೋಣೆಯ ಹೊರಗೆ ಬೇರೆ ಮಕ್ಕಳ ಅಜ್ಜಿಯರು ಗಂಜಿ ಬಡಿಸುತ್ತ, ತಮ್ಮವರೊಂದಿಗೆ ಪಿಸುಗುಟ್ಟುತ್ತ ಕೂತಿದ್ದರು. ಶುಯಿಲಿಯನ್ ಮಗಳ ಪುಟ್ಟ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಒಬ್ಬಳೇ ಕೂತಳು.

ಮರಳಿ ಬಂದಾಗ ಕಾರ್ಖಾನೆ ಬಾಗಿಲಿಗೆ ಕೆಂಪು ಬ್ಯಾನರ್ ಕಟ್ಟಿದ್ದರು. ಕಾರ್ಮಿಕರ ಮಗು ನಮ್ಮ ಮಗು ಎಂದು ಬರೆದಿತ್ತು. ಗುವೊ ಗೊಂಬೆ ಹಿಡಿದು ನಿಂತಿದ್ದ. ಫೋಟೊದವನೂ ಬಂದಿದ್ದ. ಚಪ್ಪಾಳೆ ತಟ್ಟಲೆಂದು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು.

"ಮಗು ಮುಖ ಆ ಕಡೆ ತಿರುಗಿಸಮ್ಮಾ," ಎಂದ ಗುವೊ. "ಕಣ್ಣಿನ ಪಟ್ಟಿ ಕಾಣೋದು ಬೇಡ."

ಶುಯಿಲಿಯನ್ ಮಗಳನ್ನು ಈ ಕಡೆಗೇ ತಿರುಗಿಸಿ ಹಿಡಿದಳು.

"ಇಲ್ಲಿಂದ ತೆಗೀರಿ," ಎಂದಳು ಫೋಟೊದವನಿಗೆ. "ಇವರು ಮಾಡಿದ್ದು ಇಲ್ಲೇ ಇದೆ."

ಗುವೊ ಚಪ್ಪಾಳೆಗೆ ಸನ್ನೆ ಮಾಡಿದ. ಒಂದು ಕೈಯೂ ಮೇಲೇಳಲಿಲ್ಲ. ಸಾಲಿನ ಕೊನೆಯಲ್ಲಿದ್ದ ಮುದುಕಿ, ಅಂಟು ಬಳಿಯುವ ಫಾಂಗ್, ಮುಂದೆ ಬಂದು ಅವನೆದುರು ಕೈ ಚಾಚಿದಳು.

"ನನ್ನ ಕಾರ್ಡು ಕೊಡಪ್ಪ."

ಅವಳ ಹಿಂದೆ ಇಡೀ ಸಾಲು ಗುವೊನತ್ತ ಕದಲಿತು.