ಮಸಿ ಕಲಕುತ್ತಿದ್ದ ಲೇಖನಿ

ನಾನು ಒಂದು ಬಿದಿರಿನ ಲೇಖನಿ. ಕಡ್ಡಿ ಅಂದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬೆಟಗೇರಿಯ ಮೇದಾರರ ಓಣಿಯಲ್ಲಿ ಮೊರ ಹೆಣೆದು ಉಳಿದ ತುಂಡು ನಾನು. ನನ್ನ ಜೊತೆಯವರೆಲ್ಲ ಒಲೆಗೆ ಹೋದರು. ನನ್ನನ್ನು ಮಾತ್ರ ಗುರುಪಾದಪ್ಪ ಮಾಸ್ತರು ಎತ್ತಿಕೊಂಡು, ಉಗುರಿನಿಂದ ಬಡಿದು ನೋಡಿ, ಜೇಬಿಗೆ ಹಾಕಿಕೊಂಡರು.

ಮಾಸ್ತರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನೇಕಾರರ ಭವನದ ಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಅಕ್ಷರ ಕೂಟಕ್ಕೆ ಅವರೇ ಹಿರಿಯರು. ಅಂಗಡಿಯವರು, ಟೀಚರಮ್ಮಂದಿರು, ನೇಕಾರರು ಅಲ್ಲಿ ಚಾಪೆಯ ಮೇಲೆ ಕೂತು, ದಪ್ಪ ಗೆರೆ ಸಣ್ಣ ಗೆರೆ ಕೂಡಿಸಿ ಚೆಂದಾಗಿ ಅಕ್ಷರ ಬರೆಯುವುದನ್ನು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಲೇಖನಿ ಕೆತ್ತುವ ಕತ್ತಿ ಮಾತ್ರ ಮಾಸ್ತರದ್ದೊಂದೇ. ಅವರು ಕೆತ್ತಿಕೊಡದ ಲೇಖನಿಯಲ್ಲಿ ಅಲ್ಲಿ ಯಾರೂ ಬರೆಯುವುದಿಲ್ಲ.

ನನ್ನನ್ನು ಕೆತ್ತುವ ದಿನ ನನ್ನ ಗ್ರಹಚಾರ ನೆಟ್ಟಗಿರಲಿಲ್ಲ. ಒತ್ತಕ್ಷರ ಎಷ್ಟು ದಪ್ಪ ಇರಬೇಕು ಅಂತ ಮಾಸ್ತರು ಕೂಟದ ಕಾರ್ಯದರ್ಶಿ ಶ್ರೀಪಾದರಾಯರ ಜೊತೆ ವಾದಕ್ಕೆ ಬಿದ್ದಿದ್ದರು. ತುದಿಯನ್ನು ಓರೆಯಾಗಿ ಕತ್ತರಿಸುವಾಗ ಲೇಖನಿಯ ಬೆನ್ನು, ಅಂದರೆ ಬಿದಿರಿನ ಸಿಪ್ಪೆಯ ಕಡೆ, ಮೇಲಿರಬೇಕು. ಮಾತಿನ ಭರದಲ್ಲಿ ಹೊಟ್ಟೆ ಮೇಲೆ ಮಾಡಿ ಹಿಡಿದು ಕಚಕ್ಕನೆ ಕತ್ತರಿಸಿಬಿಟ್ಟರು. ಓರೆ ತಿರುವುಮುರುವಾಯಿತು. ಬರೆದು ನೋಡಿದರೆ ಒಂದೇ ಮೂಲೆ ಹಾಳೆಗೆ ತಾಗಿ ಕರಕರ ಅಂದಿತು. "ಕೆಟ್ಟು ಹೋತಿದು" ಅಂದವರೇ ನನ್ನನ್ನು ಮಸಿ ಕುಡಿಕೆಗೆ ಹಾಕಿದರು.

ಅಂದಿನಿಂದ ನನ್ನ ಕೆಲಸ ಮಸಿ ಕಲಕುವುದು. ಬರೆಯಲು ಹುಟ್ಟಿದ ನಾನು ಸಾರಿನ ಸೌಟಾದೆ. ನಿನ್ನೆ ಮೊನ್ನೆ ಬಂದ ಲೇಖನಿಗಳು ಗತ್ತಿನಿಂದ ಬರೆಯುವುದನ್ನು ನೋಡುತ್ತ ಕುತ್ತಿಗೆಮಟ್ಟ ಮಸಿಯಲ್ಲಿ ವರ್ಷಗಳನ್ನು ಕಳೆದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಬಂದಳು ಕಸ್ತೂರಿ. ನಲವತ್ತರ ಹೆಂಗಸು, ಮನೆಯಲ್ಲೇ ಹೊಲಿಗೆ ಕೆಲಸ. ಕೂಟದ ಗೋಡೆಯ ಮೇಲೆ ಸದಸ್ಯರ ಹಾಳೆಗಳು ತೂಗುತ್ತವೆ. ಯುಗಾದಿಯ ಮುಂಚಿನ ಭಾನುವಾರ ಎಲ್ಲರೆದುರು ಕೂತು, ಶ್ರೀಕಾರ ಹಾಕಿ ವರ್ಣಮಾಲೆ ಪೂರ್ತಿ ಬರೆದು ಸೈ ಅನ್ನಿಸಿಕೊಂಡವರ ಹಾಳೆಗಷ್ಟೇ ಅಲ್ಲಿ ಜಾಗ. ಕಸ್ತೂರಿಯ ಕಣ್ಣು ಆ ಗೋಡೆಯ ಮೇಲಿತ್ತು. "ನಾ ಹೊಲದಿದ್ದೆಲ್ಲಾ ಮಂದಿ ಮೈಮ್ಯಾಲ ಹೊಂಟು ಹೋಗ್ತೇತಿ. ನನ್ನ ಕೈ ಕೆಲಸ ಒಂದರ ಈ ಗ್ವಾಡಿಮ್ಯಾಲ ಉಳೀಲಿ" ಅನ್ನುತ್ತಿದ್ದಳು.

ಆದರೆ ಅವಳ ಬಲಗೈಗೆ ಅಕ್ಷರ ಒಲಿಯಲಿಲ್ಲ. ದಪ್ಪ ಬರಬೇಕಾದಲ್ಲಿ ಸಣ್ಣ, ಸಣ್ಣ ಬರಬೇಕಾದಲ್ಲಿ ದಪ್ಪ. ಲೇಖನಿ ಕೈಗೆ ಕೂಡುವುದಿಲ್ಲ ಅಂತ ಅವಳು ಅಂದರೆ ರಾಯರು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ನಕ್ಕರು. ಮಾಸ್ತರು ನಗಲಿಲ್ಲ. "ನಿನಗ ಕೈ ಬರವಲ್ದವ್ವಾ" ಅಂದರು, ಮೆಲ್ಲಗೆ. ಅವಳಿಗೆ ಹೆಚ್ಚು ನೋವಾದದ್ದು ಆ ಮೆಲುಮಾತಿಗೇ.

ಒಂದು ಭಾನುವಾರ ಮಸಿ ತಯಾರಿಸುವ ಸರದಿ ಅವಳದು. ಯಾರೂ ಬಂದಿರಲಿಲ್ಲ. ಎಡಗೈಯಲ್ಲಿ ನನ್ನನ್ನು ಹಿಡಿದು ಕಲಕಿದಳು. ತುದಿ ಒರೆಸಲು ಚೂರು ಹಾಳೆಯ ಮೇಲೆ ಒಮ್ಮೆ ಎಳೆದಳು. ದಪ್ಪಗೆ ಹೊರಟ ಗೆರೆ ಬಾಗುತ್ತ ಸಣ್ಣಗಾಗಿ ನಿಂತಿತು. ಅವಳು ಗಾಬರಿಯಾಗಿ ಮೆಟ್ಟಿಲ ಕಡೆ ನೋಡಿ, ಮತ್ತೆ ಎಳೆದಳು. ಮತ್ತೆ ಹಾಗೇ ಬಂತು. ಚಿಕ್ಕವಳಿದ್ದಾಗ ಎಡಗೈಲಿ ಬರೆದದ್ದಕ್ಕೆ ಸಾಲಿಯಲ್ಲಿ ಆ ಕೈಗೆ ಏಟು ಬಿದ್ದಿದ್ದವಂತೆ. ಆಮೇಲೆ ಆ ಕೈ ಕತ್ತರಿ ಹಿಡಿಯಿತೇ ಹೊರತು ಬಳಪ ಮುಟ್ಟಿರಲಿಲ್ಲ. ಬಲಗೈಗೆ ತಿರುವುಮುರುವಾಗಿದ್ದ ನನ್ನ ಓರೆ ಎಡಗೈಗೆ ಸರಿಯಾಗಿತ್ತು; ನನ್ನ ತುದಿಯೂ ಅಂದೇ ಮೊದಲ ಸಲ ಪೂರ್ತಿಯಾಗಿ ಹಾಳೆಗೆ ಕೂತದ್ದು. ಆ ಸಂತೋಷ ಎಂಥದೋ, ನನಗೆ ಬರೆಯಲು ಗೊತ್ತು, ಹೇಳಲು ಬಾರದು.

ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದಳು. ಬ್ಲೌಸಿನ ಅಳತೆಗೆ ಕತ್ತರಿಸಿದ ಕಾಗದಗಳ ಹಿಂದೆಲ್ಲ ನಾವಿಬ್ಬರೂ ಬರೆದೆವು. ಕೂಟದಲ್ಲಿ ಮಾತ್ರ ಬಲಗೈಯಲ್ಲೇ ಬರೆದು ಬೈಸಿಕೊಳ್ಳುತ್ತಿದ್ದಳು. ಎಡಗೈ ಅಂದರೆ ಎಲ್ಲಿ ಹೊರಗೆ ಹಾಕುತ್ತಾರೋ ಅಂತ ಹೆದರಿಕೆ.

ಯುಗಾದಿಯ ಮುಂಚಿನ ಭಾನುವಾರ ಬಂತು. ಬರೆಯುವ ಮೊದಲು ಮಾಸ್ತರು ಎಲ್ಲರ ಲೇಖನಿಯ ತುದಿಯನ್ನೂ ಹೊಸದಾಗಿ ಕತ್ತರಿಸಿ ಕೊಡುವುದು ಪದ್ಧತಿ. ನನ್ನನ್ನು ನೋಡಿ ಹುಬ್ಬೇರಿಸಿದರು.

"ಇದು ಮಸಿ ಕಲಕೋ ಕಡ್ಡಿ ಅಲ್ಲೇನವ್ವಾ? ಕೊಡಿಲ್ಲೆ, ನೆಟ್ಟಗ ಮಾಡ್ತೇನಿ."

ಕತ್ತಿ ಹತ್ತಿರ ಬಂತು. ನನ್ನ ಜೀವ ಬಾಯಿಗೆ ಬಂತು. ಆ ಓರೆ ಹೋದರೆ ನಾನೂ ಇಲ್ಲ, ಅವಳ ಅಕ್ಷರವೂ ಇಲ್ಲ. ಕಸ್ತೂರಿ ನನ್ನನ್ನು ಎದೆಗೆ ಎಳೆದುಕೊಂಡಳು.

"ಬ್ಯಾಡ್ರಿ ಮಾಸ್ತರ. ಇದು ನೆಟ್ಟಗ ಐತಿ."

ಮಾಸ್ತರ ಕತ್ತಿಗೆ ಆ ಮಾಳಿಗೆಯಲ್ಲಿ ಅದುವರೆಗೆ ಯಾರೂ ಬೇಡ ಅಂದಿರಲಿಲ್ಲ. ಎಲ್ಲರ ಕೈಗಳೂ ನಿಂತವು. ಅವಳು ನನ್ನನ್ನು ಎಡಗೈಗೆ ದಾಟಿಸಿದಳು.

"ಎಡಗೈಲೆ ಶ್ರೀಕಾರ ಬರೀತಾರೇನು ಎಲ್ಲ್ಯಾದ್ರೂ?" ಅಂದರು ರಾಯರು.

"ನಿಮ್ಮ ಮಗಳ ಧಾರಿ ಸೀರಿಗೆ ಇದಽ ಕೈಲೆ ಕುಚ್ಚು ಕಟ್ಟೇನ್ರಿ ರಾಯರ. ಚಂದ ಆಗೇತಿ ಅಂದಿದ್ರಿ."

ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಬರೆದಳು. ಮೊದಲ ಸಾಲು ಕೊಂಚ ಮೇಲೇರಿತು, ನಾನು ಸಾವರಿಸಿಕೊಂಡೆ. ಕವರ್ಗಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಲಯ ಸಿಕ್ಕಿತ್ತು. ಮುಗಿದ ಮೇಲೆ ಮಾಸ್ತರು ಹಾಳೆಯನ್ನು ದಿಟ್ಟಿಸಿ, ಅವಳಿಂದ ನನ್ನನ್ನು ತೆಗೆದುಕೊಂಡು, ಬೆನ್ನು ನೋಡಿದರು, ಹೊಟ್ಟೆ ನೋಡಿದರು. ಹಾಳೆಯನ್ನು ತಾವೇ ಗೋಡೆಗೆ ತೂಗುಹಾಕಿದರು. ಆಮೇಲೆ ಚಾಪೆಯ ಮೇಲೆ ಕುಸಿದು ಕೂತು, "ಕೈ ಬರವಲ್ದು ಅಂತ ನಾ ಎಷ್ಟು ಮಂದೀನ ಕಳಿಸಿದ್ನೋ ಏನೋ" ಅಂದರು.

ಈಗ ನನಗೆ ವಯಸ್ಸಾಯಿತು. ಸವೆದು ಸವೆದು ಹೆಬ್ಬೆರಳಿನಷ್ಟಾಗಿ ಮಾಳಿಗೆಯ ಗೂಡಿನಲ್ಲಿ ಕೂತಿದ್ದೇನೆ. ಎಡ ಓರೆಯ ಲೇಖನಿಗಳನ್ನು ಮಾಸ್ತರು ಈಗ ಬೇಕೆಂದೇ ಕೆತ್ತುತ್ತಾರೆ. ಕಸ್ತೂರಿ ಹೊಸಬರ ಪಕ್ಕ ಕೂತು ತಿದ್ದಿಸುತ್ತಾಳೆ. ಇಲ್ಲಿ ಕೂತು ನಾನು ಹೆಚ್ಚಾಗಿ ನೆನೆಯುವುದು ಯುಗಾದಿ ಕಳೆದ ಮೇಲಿನ ಒಂದು ಬೆಳಗನ್ನು.

ಅಂದು ಮಾಸ್ತರು ಒಬ್ಬಂಟಿಯಾಗಿ ಬರಲಿಲ್ಲ. ಸೈಕಲ್ ರಿಪೇರಿಯ ಮೌಲಾಸಾಬನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು. ಎಡಗೈಯಲ್ಲೇ ಸ್ಪ್ಯಾನರ್ ತಿರುಗಿಸುವ ಅವನು ಹರೆಯದಲ್ಲಿ ಕೂಟಕ್ಕೆ ಬಂದು, ಕೈ ಬರುವುದಿಲ್ಲ ಅನ್ನಿಸಿಕೊಂಡು ಹೋದವನು. ಈಗ ಗಡ್ಡವೆಲ್ಲ ಬೆಳ್ಳಗಾಗಿತ್ತು. "ಇನ್ನ ಎಲ್ಲೀದ್ರಿ ಮಾಸ್ತರ, ವಯಸ್ಸು ಹೋತು" ಅನ್ನುತ್ತಲೇ ಇದ್ದ. ಮಾಸ್ತರು ಕಸ್ತೂರಿಯಿಂದ ನನ್ನನ್ನು ಕೇಳಿ ಪಡೆದು, ಗ್ರೀಸು ಹತ್ತಿದ ಅವನ ಎಡಗೈಯಲ್ಲಿಟ್ಟರು.

ಅವನು 'ಅ' ಬರೆದ. ತುಂಬ ಹೊತ್ತು ಹಾಳೆ ನೋಡಿದ.

"ಇದು ನಾನಽ ಬರದಿದ್ದೇನ್ರಿ?"

"ಹೌದಪ್ಪ, ನೀನಽ" ಅಂದರು ಮಾಸ್ತರು. "ತಡಾ ಮಾಡಿದವ ನಾ."

ಅವರ ಕಣ್ಣು ತುಂಬಿತ್ತು. ಮೌಲಾಸಾಬ ನೋಡಲಿಲ್ಲ. ನನ್ನನ್ನು ಮಸಿಗೆ ಅದ್ದಿ 'ಆ' ಬರೆಯಲು ಕೈ ಹಾಕಿದ.