ಹದಿನೆಂಟನೆಯ ಸಂಪರ್ಕ

ಸತ್ತವಳ ಮನೆಯ ಅಡುಗೆಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಗ್ರಂಥಾಲಯದ ಡೇಟಾಬೇಸಿಗೆ ತೆರೆದಿದ್ದ ಹದಿನೇಳನೆಯ ಸಂಪರ್ಕವನ್ನು ದೂರದಿಂದಲೇ ಮುಚ್ಚಿದ ಅವಳ ಸಹೋದ್ಯೋಗಿ, ಹದಿನೆಂಟನೆಯದರ ಮುಂದೆ ನಿಂತುಬಿಟ್ಟ.

"ಹೆಣ ನಡುಮನೇಲಿದೆ, ಇವನಿಗೆ ಕಂಪ್ಯೂಟರು," ಎಂದು ಸತ್ತವಳ ಚಿಕ್ಕಮ್ಮ ಅಡುಗೆಕೋಣೆಗೆ ಇಣುಕಿ ಮೂಗು ಮುರಿದಳು.

ಅವನಾದರೂ ಏನು ಮಾಡಿಯಾನು? ಹನ್ನೆರಡಕ್ಕೆ ಶವದ ವ್ಯಾನು. ಹನ್ನೆರಡಕ್ಕೇ ಹಳೆಯ ಸರ್ವರಿನ ಕರೆಂಟು ತೆಗೆಯುತ್ತಾರೆ. ಒಂದು ದಿನ ಮುಂದೆ ಹಾಕಿ ಎಂದರೆ ಮೇಲಿನವರು ಜಪ್ಪಯ್ಯ ಅಂದರೂ ಕೇಳಲಿಲ್ಲ.

ಪರದೆಯಲ್ಲಿ ಉಳಿದ ಒಂದೇ ಸಾಲಿನಲ್ಲಿ, ಕಚೇರಿಯಲ್ಲಿ ಅವನು ಅಕ್ಕ ಎಂದು ಕರೆಯುತ್ತಿದ್ದ ಆ ಸತ್ತವಳ ಹೆಸರಿತ್ತು. ಇಪ್ಪತ್ತಾರು ವರ್ಷ ಆ ಡೇಟಾಬೇಸನ್ನು ಸಾಕಿದವಳು ಹನ್ನೊಂದು ದಿನದ ಹಿಂದೆ ಹೊಟ್ಟೆನೋವೆಂದು ಮೇಜಿನಿಂದ ಎದ್ದು ಹೋದಳು, ಮತ್ತೆ ಬರಲಿಲ್ಲ. ಅಂದಿನಿಂದ ಸರ್ವರನ್ನು ಯಾರೂ ನಿಲ್ಲಿಸಿರಲಿಲ್ಲ; ಅವಳ ಸಂಪರ್ಕ ತೆರೆದೇ ಇತ್ತು.

*

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಸಿನಿಮಾಕ್ಕೆ ಹೊತ್ತಾಯಿತೆಂದು ಸರ್ವರಿನ ಸ್ವಿಚ್ಚನ್ನೇ ಆರಿಸಿ ಓಡಿದ್ದ. ಮರುದಿನ ನೋಡಿದರೆ ಅರ್ಧಂಬರ್ಧ ಬರೆದಿದ್ದ ದಾಖಲೆಗಳೆಲ್ಲ ಮಾಯ.

"ಬೀಗ ಹಾಕೋ ಮುಂಚೆ ಒಳಗೆ ಯಾರಾದ್ರೂ ಇದ್ದಾರಾ ಅಂತ ನೋಡ್ಬೇಡ್ವೇನೋ?" ಎಂದಳು ಅಕ್ಕ. ಬೈದದ್ದು ಅಷ್ಟೇ. ಮೂರು ದಿನ ಅವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಮತ್ತೆ ತುಂಬಿಸಿದಳು.

ಆಮೇಲೆ ಪ್ರತಿ ಸಂಜೆ ಅವಳದು ಅದೇ ಕೂಗು: "ಮಕ್ಕಳ ವಿಭಾಗ, ಹೊರಗೆ ಬಂದ್ರಾ? ಪತ್ರಿಕೆಯವರೇ, ನಿಮ್ಮ ಪುರಾಣ ಮುಗೀತಾ?" ಎಲ್ಲರೂ ಬರೆದದ್ದನ್ನು ಉಳಿಸಿ ಹೊರಬಂದ ಮೇಲೆ, ಕಟ್ಟಕಡೆಗೆ ತನ್ನದನ್ನು ಮುಚ್ಚಿ ಸರ್ವರನ್ನು ನಿಲ್ಲಿಸುತ್ತಿದ್ದಳು.

*

"ಭಾವ, ಒಂದ್ನಿಮಿಷ ಬನ್ನಿ."

ಅಕ್ಕನ ಗಂಡ ದರ್ಜಿ. ಬಂದು, ಅಕ್ಕನ ಸಂಪರ್ಕ ಇನ್ನೂ ತೆರೆದಿದೆ ಎಂದು ಅವನು ಹೇಳಿದ್ದನ್ನು ಕೇಳಿಸಿಕೊಂಡರು.

"ಹಾಗಾದ್ರೆ ಅಲ್ಲಿನ್ನೂ ಇದ್ದಾಳೆ," ಎಂದರು. "ಇರ್ಲಿ ಬಿಡು ತಮ್ಮ. ಮುಚ್ಚಬೇಡ."

"ಕರೆಂಟು ಹೋದ್ರೆ ಅಕ್ಕ ಕೊನೇ ದಿನ ಬರೆದಿದ್ದೆಲ್ಲ ಹೋಗುತ್ತೆ ಭಾವ. ನಲವತ್ತು ಪುಸ್ತಕದ ವಿವರ. ಉಳಿಸಿ ಮುಚ್ಚಿದ್ರೆ ಇರುತ್ತೆ. ಒತ್ತೋಕೆ ನನಗೆ ಕೈ ಬರ್ತಿಲ್ಲ."

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಭಾವ ಸ್ಟೂಲು ಎಳೆದುಕೊಂಡು ಕೂತರು.

"ಗಂಟು ಹಾಕದೆ ದಾರ ಕತ್ತರಿಸಿದ್ರೆ ಹೊಲಿಗೆ ನಿಲ್ಲಲ್ಲ," ಎಂದು ತಮಗೇ ಹೇಳಿಕೊಂಡರು. "ಯಾವುದು ಒತ್ತಬೇಕು?"

ಅವನು ತೋರಿಸಿದ.

ಭಾವ ಎಡಗೈ ಬೆರಳನ್ನು ಪರದೆಯಲ್ಲಿದ್ದ ಹೆಂಡತಿಯ ಹೆಸರಿನ ಮೇಲಿಟ್ಟು ಬಲಗೈಯಿಂದ ಒತ್ತಿದರು. ನಲವತ್ತು ಪುಸ್ತಕಗಳೂ ಉಳಿದವು. ಹೆಸರು ಹೋಯಿತು.

ಹೊರಗಿನಿಂದ ಯಾರೋ ಕರೆದರು. ಖಾಲಿ ಸಾಲಿನ ಮೇಲಿದ್ದ ಬೆರಳನ್ನು ಅವರು ತೆಗೆಯಲಿಲ್ಲ.