ಬಿಟ್ಟು ಓದಿದ ಪ್ಯಾರಾ

ನರ್ಸಮ್ಮನ ಬೆರಳು ಮೇಜಿನ ಗಾಜಿನ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಗಾಜಿನಡಿ ವಾರಪತ್ರಿಕೆಯ ಒಂದು ಪುಟ, ಮೂಲೆಯಲ್ಲಿ ರಫೂ ಅಂಗಡಿಯವಳ ಮಗಳ ಫೋಟೊ.

"ನಿಧಾನಕ್ಕೆ ಓದಿ ನರ್ಸಮ್ಮ. ನಮ್ಮ ಹುಡುಗಿ ಬರ್ದಿದ್ದು. ನನ್ನ ರಫೂ ಕೆಲಸದ ಮೇಲೇನೇ ಒಂದು ಪುಟ ಪೂರ್ತಿ!" ಎಂದಳು ಅಮ್ಮ, ಸೂಜಿಯಿಂದ ಕಣ್ಣು ಕೀಳದೆ. ಆ ವಾರ ಅಂಗಡಿಗೆ ಬಂದವರಿಗೆಲ್ಲ ಇದೇ ಉಪಚಾರ. ಹರಿದ ಬಟ್ಟೆ ಕೊಡುವ ಮೊದಲು ಮಗಳನ್ನು ಓದಲೇಬೇಕು.

ಮೂಲೆಯಲ್ಲಿ ಕೂತು ನೂಲುಂಡೆಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದ ಮಗಳ ಕೈ ನಿಂತುಹೋಯಿತು. ಬೆಳಿಗ್ಗೆ ರಜೆಗೆ ಬಂದಾಗಲೇ ಆ ಪುಟ ಕಂಡಿತ್ತು. ತೆಗೆದುಬಿಡೋಣ ಅನ್ನಿಸಿತ್ತು. ಆದರೆ ಫೋಟೊ ಚೆನ್ನಾಗಿ ಬಂದಿತ್ತು, ಬಿಟ್ಟಳು.

ಅಮ್ಮನಿಗೆ ಓದು ಅಷ್ಟಕ್ಕಷ್ಟೆ. ಲೇಖನವನ್ನು ಮಗಳೇ ಫೋನಿನಲ್ಲಿ ಓದಿ ಹೇಳಿದ್ದಳು, ಮೂರನೇ ಪ್ಯಾರಾ ಒಂದನ್ನು ಬಿಟ್ಟು. ಅದರಲ್ಲಿ ಒಂದು ನೇರಳೆ ಶಾಲಿತ್ತು. ಹೆಗಲ ಹತ್ತಿರ, ಒಂದೇ ಜಾಗದಲ್ಲಿ ಮೂರು ಸಲ ಹರಿದ ಶಾಲು; ಹರಿದವನು ಹೊದ್ದವಳ ಗಂಡ. ಹಿಂದಿನ ರಜೆಯಲ್ಲಿ ಅಮ್ಮ ಎಳೆ ಕೂಡಿಸುತ್ತಾ, ಸಂಕಟ ತಡೆಯಲಾರದೆ, ಮಗಳೊಬ್ಬಳಿಗೇ ಹೇಳಿದ ಮಾತು ಅದು. ಬರೆಯುವಾಗ ಮಗಳು ನರ್ಸನ್ನು ಟೀಚರ್ ಮಾಡಿದ್ದಳು. ಶಾಲಿನ ಬಣ್ಣ ಮಾತ್ರ ಬದಲಿಸಿರಲಿಲ್ಲ. ನೇರಳೆ ಅನ್ನುವುದು ವಾಕ್ಯದಲ್ಲಿ ಅಷ್ಟು ಸೊಗಸಾಗಿ ಕೂತಿತ್ತು.

ಬೆರಳು ನಿಂತಿತು. ಮತ್ತೆ ಮೇಲಿನ ಸಾಲಿಗೆ ಹೋಗಿ, ಮತ್ತೆ ಅಲ್ಲಿಗೇ ಬಂದು ನಿಂತಿತು.

"ನನ್ನ ಶಾಲು ಕೊಟ್ಬಿಡಿ," ಎಂದಳು ನರ್ಸಮ್ಮ.

"ಕೊಡ್ತೀನಿ, ಇನ್ನೊಂದು ನಾಲ್ಕು ಎಳೆ. ಕೂತ್ಕೊಳ್ಳಿ."

"ಬೇಡ. ಹಾಗೇ ಕೊಡಿ."

"ಅಯ್ಯೋ, ತೂತು ಕಾಣುತ್ತಲ್ಲ!"

"ಕಾಣ್ಲಿ ಬಿಡಿ. ಇನ್ನೇನು ಮುಚ್ಚೋದಿದೆ?" ಆಕೆಯ ದನಿ ಏರಲಿಲ್ಲ. "ಎರಡು ದಿನದಿಂದ ವಾರ್ಡಿನಲ್ಲಿ ಎಲ್ಲಾರೂ ನನ್ನ ಮುಖ ಬಿಟ್ಟು ಹೆಗಲು ನೋಡಿ ಮಾತಾಡ್ತಿದಾರೆ. ಯಾಕೆ ಅಂತ ಈಗ ಗೊತ್ತಾಯ್ತು. ನಿಮ್ಮನ್ನ ನಂಬಿ ಹೇಳಿದ್ದೆ ಅಕ್ಕಾ."

"ನಾನು ಯಾರಿಗೂ..." ಎಂದಳು ಅಮ್ಮ. ತಿರುಗಿ ಮಗಳನ್ನು ನೋಡಿದಳು. ಮಗಳು ನೂಲುಂಡೆಗಳತ್ತ ತಲೆ ತಗ್ಗಿಸಿದಳು.

ನರ್ಸಮ್ಮ ಮತ್ತೆ ಅಲ್ಲೇ ಹರಿದು ಬಂದಿದ್ದ, ಸೂಜಿ ನೇತಾಡುತ್ತಿದ್ದ ನೇರಳೆ ಶಾಲನ್ನು ತೆಗೆದುಕೊಂಡಳು. ಸೂಜಿ ಬಿಡಿಸಿ ಜೋಪಾನವಾಗಿ ಗಾಜಿನ ಮೇಲಿಟ್ಟು ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಮ್ಮ ಗಾಜು ಎತ್ತಿ ಪುಟವನ್ನು ಹೊರತೆಗೆದು ಮಗಳ ಮಡಿಲಿಗೆ ಹಾಕಿದಳು. "ಅವತ್ತು ಬಿಟ್ಟಿದ್ದು ಯಾವುದು? ಓದು."

"ಅಮ್ಮಾ, ಹೆಸರು ಹಾಕಿಲ್ಲ ನಾನು..."

"ಓದು ಅಂದೆ."

ಮಗಳು ಓದಿದಳು. ಪತ್ರಿಕೆಯವರು ದಪ್ಪ ಅಕ್ಷರದಲ್ಲಿ ಹಾಕಿದ್ದ ಸಾಲೂ ಅದೇ ಪ್ಯಾರಾದಲ್ಲಿತ್ತು: 'ಹರಿದ ಬದುಕಿಗೆ ಕಾಣದಂತೆ ಎಳೆ ಕೂಡಿಸುವುದೇ ಕಥೆ.' ಹತ್ತಾರು ಮಂದಿ ಹೊಗಳಿದ ಆ ಸಾಲು ಈಗ ಬಾಯಿಂದ ಹೊರಡಲೊಲ್ಲದಾಯಿತು. ಕೊನೆಗೆ ಅದನ್ನೂ ಓದಿದಳು.

"ಚೆನ್ನಾಗಿ ಬರ್ದಿದೀಯ," ಎಂದಳು ಅಮ್ಮ. ಅದಕ್ಕಿಂತ ಕೆಟ್ಟ ಮಾತನ್ನು ಮಗಳು ಕೇಳಿರಲಿಲ್ಲ.

"ಅವರ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳ್ತೀನಮ್ಮ."

"ಗಂಡ ಇರ್ತಾನೆ ಮನೇಲಿ. ಅವನ ಮುಂದೇನು ಹೇಳ್ತೀಯ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ ಮುದುಕನೊಬ್ಬ ಕಂಕುಳಿನಿಂದ ಕೋಟೊಂದನ್ನು ತೆಗೆದು ಬಿಡಿಸಿದ. ಜೇಬಿನ ಪಕ್ಕ ಸುಟ್ಟು ತೂತಾಗಿತ್ತು.

"ಇದು ಹೇಗಾಯ್ತು ಅಂದ್ರೆ..." ಎಂದು ಅವನು ಶುರುಮಾಡಿದ.

"ಒಂದು ನಿಮಿಷ ಇರಿ," ಎಂದಳು ಅಮ್ಮ. ಮಗಳ ಮುಖ ನೋಡಲಿಲ್ಲ. "ನೀನು ಸ್ವಲ್ಪ ಹೊರಗಿರು, ಪುಟ್ಟಿ. ಗಿರಾಕಿ ಬಂದಿದಾರೆ."

ಮಗಳು ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತಳು. ಬಾಗಿಲಿನ ಗಾಜಿನಾಚೆ ಮುದುಕನ ತುಟಿ ಆಡುತ್ತಿತ್ತು. ಅಮ್ಮ ಕೋಟನ್ನು ಬೆಳಕಿಗೆ ಹಿಡಿದು, ಹೂಂ ಹೂಂ ಎಂದು ತಲೆಯಾಡಿಸುತ್ತಾ ಕೇಳುತ್ತಿದ್ದಳು.